ತೋಟಾ ದೊಡ್ಡದಾದರೆ ಗುರಿ ಹತ್ತಿರವಾಗುತ್ತದೆಯೇ?

'ಮ್ಯಾಗ್ನಂ' ಎಂಬ ಲ್ಯಾಟಿನ್ ಪದಕ್ಕೆ 'ದೊಡ್ಡದು' ಎಂದು ಅರ್ಥ. ಯುರೋಪಿನಲ್ಲಿ ಮಾಮೂಲು ಶೀಸೆಯ ಎರಡರಷ್ಟು, ಅಂದರೆ ಒಂದೂವರೆ ಲೀಟರ್ ಹಿಡಿಯುವ ಶಾಂಪೇನ್ ಶೀಸೆಗೆ ಈ ಹೆಸರಿದೆ. ಬ್ರಿಟನ್ನಿನ ಕೋವಿ ತಯಾರಕರು ಈ ಹೆಸರನ್ನು ತಮ್ಮ ತೋಟಾಗಳಿಗೂ ತಂದುಕೊಂಡರು. ಮಾಮೂಲಿಗಿಂತ ಹೆಚ್ಚು ಮದ್ದು, ಹೆಚ್ಚು ವೇಗ, ಹೆಚ್ಚು ಬಲ ಎಂಬ ಭರವಸೆ ಆ ಒಂದು ಪದದಲ್ಲಿತ್ತು. ಆದರೆ ಎಷ್ಟು ಮದ್ದು ತುಂಬಿದರೆ ತೋಟಾವೊಂದು ಮ್ಯಾಗ್ನಂ ಆಗುತ್ತದೆ ಎಂಬುದಕ್ಕೆ ಅಂದಿಗೂ ಅಳತೆಗೋಲಿರಲಿಲ್ಲ, ಇಂದಿಗೂ ಇಲ್ಲ. ಅದು ವಿಜ್ಞಾನದ ಪದವಲ್ಲ, ವ್ಯಾಪಾರದ ಪದ.

ಆದರೂ ಕಳೆದ ನೂರು ವರ್ಷಗಳಲ್ಲಿ ಬೇಟೆಯ ಜಗತ್ತಿನಲ್ಲಿ ಇಷ್ಟು ವಾದಕ್ಕೆ ಕಾರಣವಾದ ಪದ ಇನ್ನೊಂದಿಲ್ಲ. ದೂರದಲ್ಲಿ ನಿಂತ ದೊಡ್ಡ ಪ್ರಾಣಿಯನ್ನು ಹೊಡೆಯಲು ಯಾವ ತೋಟಾ ಉತ್ತಮ ಎಂಬುದು ಮೇಲುನೋಟಕ್ಕೆ ಹವ್ಯಾಸಿಗಳ ಹರಟೆ. ಒಳಗೆ ಹೊಕ್ಕು ನೋಡಿದರೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಗುಂಡು ಸರಿಯಾದ ಜಾಗಕ್ಕೆ ಬಿದ್ದರೆ ಪ್ರಾಣಿ ಕ್ಷಣಗಳಲ್ಲಿ ಸಾಯುತ್ತದೆ. ಒಂದು ಗೇಣು ಆಚೀಚೆಯಾದರೆ ಅದು ಗಾಯ ಹೊತ್ತು ಓಡಿಹೋಗಿ, ದಿನಗಟ್ಟಲೆ ನರಳಿ, ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ಮ್ಯಾಗ್ನಂ ತೋಟಾ ಈ ಒಂದು ಗೇಣನ್ನು ಕಡಿಮೆ ಮಾಡಿತೇ, ಹೆಚ್ಚು ಮಾಡಿತೇ?

ತೂಕದಿಂದ ವೇಗಕ್ಕೆ

ಕೊಡಗು, ಮಲೆನಾಡುಗಳಲ್ಲಿ ಹನ್ನೆರಡು ಬೋರಿನ ಕೋವಿ ಎಂದರೆ ಎಲ್ಲರಿಗೂ ಗೊತ್ತು. ಆ ಹನ್ನೆರಡು ಎಂಬ ಲೆಕ್ಕ ಹಳೆಯ ಕಾಲದ್ದು. ನಳಿಗೆಗೆ ಸರಿಯಾಗಿ ಕೂರುವ ಸೀಸದ ಹನ್ನೆರಡು ಗುಂಡುಗಳನ್ನು ತೂಗಿದರೆ ಒಂದು ಪೌಂಡ್ ಆಗಬೇಕು. ಈ ಲೆಕ್ಕದಲ್ಲಿ ಬೋರಿನ ಸಂಖ್ಯೆ ಇಳಿದಂತೆ ಗುಂಡು ದೊಡ್ಡದಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆನೆ ಬೇಟೆಗೆ ನಾಲ್ಕು ಬೋರಿನ ಕೋವಿಗಳೂ ಇದ್ದವು. ಒಂದೊಂದು ಗುಂಡು ಕಾಲು ಪೌಂಡ್, ಅಂದರೆ 110 ಗ್ರಾಂ ಮೀರಿದ ತೂಕ. ಕರಿಮದ್ದಿನಿಂದ ಗುಂಡಿನ ವೇಗವನ್ನು ಒಂದು ಮಿತಿ ಮೀರಿ ಹೆಚ್ಚಿಸಲು ಆಗುತ್ತಿರಲಿಲ್ಲ. ಬಲ ಹೆಚ್ಚಬೇಕಾದರೆ ಗುಂಡಿನ ತೂಕ ಹೆಚ್ಚಿಸುವುದೊಂದೇ ದಾರಿಯಾಗಿತ್ತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಬಾರದ ಮದ್ದನ್ನು ಕಂಡುಹಿಡಿದಾಗ ಲೆಕ್ಕ ಬದಲಾಯಿತು. 1889ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟ್ ಎಂಬ ಮದ್ದು ಬಂತು. ಚಲಿಸುವ ವಸ್ತುವಿನ ಶಕ್ತಿ ಅದರ ತೂಕದೊಂದಿಗೆ ನೇರವಾಗಿ ಏರಿದರೆ, ವೇಗದೊಂದಿಗೆ ವರ್ಗದ ಪ್ರಮಾಣದಲ್ಲಿ ಏರುತ್ತದೆ ಎಂಬುದು ಹೈಸ್ಕೂಲಿನ ಪಾಠ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ; ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಹೊಸ ಮದ್ದು ವೇಗದ ಬಾಗಿಲನ್ನು ತೆರೆಯಿತು. 1898ರಲ್ಲಿ ಜಾನ್ ರಿಗ್ಬಿ ಹೊರತಂದ .450 ನೈಟ್ರೊ ಎಕ್ಸ್‌ಪ್ರೆಸ್ ಸುಮಾರು 31 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 650 ಮೀಟರ್ ವೇಗದಲ್ಲಿ ಹಾರಿಸಿ, ನಾಲ್ಕು ಬೋರು, ಎಂಟು ಬೋರುಗಳ ಭಾರೀ ಕೋವಿಗಳನ್ನು ಮೂಲೆಗೆ ಸರಿಸಿತು. ಇದರ ಹೆಸರಿನಲ್ಲಿರುವ 'ಎಕ್ಸ್‌ಪ್ರೆಸ್' ರೈಲಿನಿಂದ ಬಂದದ್ದು. 1856ರಲ್ಲಿ ಜೇಮ್ಸ್ ಪರ್ಡಿ ತನ್ನ ವೇಗದ ಕೋವಿಗೆ 'ಎಕ್ಸ್‌ಪ್ರೆಸ್ ಟ್ರೇನ್' ಎಂದು ಹೆಸರಿಟ್ಟಿದ್ದ.

ಈ ಕಥೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಕೋವಿಗಳ ಗುಂಡೂ .450 ಅಳತೆಯದ್ದೇ. ಬೇಟೆಯ ಹೆಸರಿನಲ್ಲಿ ಬಂದ ತೋಟಾಗಳು ದಂಗೆಕೋರರ ಕೈ ಸೇರಬಹುದೆಂಬ ಭಯದಿಂದ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸರ್ಕಾರ ಆ ಅಳತೆಯ ಕೋವಿಗಳನ್ನು ಭಾರತ ಮತ್ತು ಸುಡಾನ್‌ಗಳಿಗೆ ತರುವುದನ್ನು ನಿಷೇಧಿಸಿತು. ಲಂಡನ್ನಿನ ತಯಾರಕರು ಕೈಕಟ್ಟಿ ಕೂರಲಿಲ್ಲ. .465, .470, .475 ಎಂದು ಕೂದಲೆಳೆಯಷ್ಟು ವ್ಯತ್ಯಾಸದ ಹೊಸ ತೋಟಾಗಳನ್ನು ಸಾಲಾಗಿ ಹೊರತಂದರು. ಇಂದಿಗೂ ಆಫ್ರಿಕದಲ್ಲಿ ಹೆಸರಾಗಿರುವ .470 ಹುಟ್ಟಿದ್ದು ಭಾರತದ ಮೇಲಿನ ಈ ಅಪನಂಬಿಕೆಯಿಂದ. ಮುಂದೆ ಭಾರತದಲ್ಲಿ .315 ಅಳತೆಯ ಕೋವಿ ರೂಢಿಗೆ ಬಂದದ್ದಕ್ಕೂ ಸೈನ್ಯದ .303 ತೋಟಾ ಜನಸಾಮಾನ್ಯರಿಗೆ ಸಿಗಬಾರದೆಂಬ ನೀತಿಯೇ ಕಾರಣ.

ಸೊಂಟಪಟ್ಟಿಯ ತೋಟಾ

ಇಂದಿನ ಮ್ಯಾಗ್ನಂ ಮನೆತನದ ಮೂಲಪುರುಷ 1912ರಲ್ಲಿ ಹುಟ್ಟಿತು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ ಆ ವರ್ಷ .375 ಮ್ಯಾಗ್ನಂ ತೋಟಾವನ್ನು ಹೊರತಂದಿತು. ಅದರ ಹಿತ್ತಾಳೆಯ ಕೊಳವೆ ಉದ್ದವಾಗಿ, ತುದಿಯತ್ತ ಸಣ್ಣಗೆ ಇಳಿಜಾರಾಗಿತ್ತು. ಕಾರ್ಡೈಟ್ ಮದ್ದು ಬಿಸಿಲ ನಾಡುಗಳಲ್ಲಿ ಹೆಚ್ಚು ಒತ್ತಡ ಉಂಟುಮಾಡುತ್ತಿತ್ತು. ಕೊಳವೆ ನೇರವಾಗಿದ್ದರೆ ಗುಂಡು ಹಾರಿದ ಮೇಲೆ ಅದು ನಳಿಗೆಯಲ್ಲೇ ಕಚ್ಚಿಕೊಳ್ಳುವ ಅಪಾಯವಿತ್ತು. ಎದುರಿಗೆ ಕಾಡೆಮ್ಮೆ ನುಗ್ಗಿ ಬರುವಾಗ ಖಾಲಿ ತೋಟಾ ಹೊರಬರದಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಳಿಜಾರು ಕೊಳವೆಗೆ ನಳಿಗೆಯೊಳಗೆ ಸರಿಯಾದ ಆನಿಕೆ ಸಿಗುವುದಿಲ್ಲ. ಅದಕ್ಕಾಗಿ ಬುಡದ ಸುತ್ತ ಸೊಂಟಪಟ್ಟಿಯಂಥ ಒಂದು ಉಬ್ಬು ಬಳೆಯನ್ನು ಕೊಟ್ಟರು. 1925ರಲ್ಲಿ ಇದೇ ಕೊಳವೆಯ ಬಾಯಿ ಕಿರಿದು ಮಾಡಿ .300 ಮ್ಯಾಗ್ನಂ ತಯಾರಿಸಿದರು.

ಸುಮಾರು ಹತ್ತೊಂಬತ್ತೂವರೆ ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 770 ಮೀಟರ್ ವೇಗದಲ್ಲಿ ಹಾರಿಸುವ .375 ನೂರು ವರ್ಷ ದಾಟಿದರೂ ಮೂಲೆ ಸೇರಿಲ್ಲ. ಆಫ್ರಿಕದ ಹಲವು ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗಳ ಬೇಟೆಗೆ ಕಾನೂನು ಒಪ್ಪುವ ಕನಿಷ್ಠ ಅಳತೆ ಹೆಚ್ಚುಕಡಿಮೆ ಅದೇ.

ಬ್ರಿಟಿಷರ ಮ್ಯಾಗ್ನಂ ಶ್ರೀಮಂತರ ಸೊತ್ತು. ಅದರ ಉದ್ದದ ತೋಟಾಕ್ಕೆ ದುಬಾರಿ ಕೋವಿಯೇ ಬೇಕಾಗಿತ್ತು. ಅದನ್ನು ಸಾಮಾನ್ಯರ ಕೈಗೆ ತಂದವರು ಅಮೆರಿಕನ್ನರು. 1935ರಲ್ಲಿ ಬೆನ್ ಕಂಫರ್ಟ್ ಎಂಬಾತ .300 ಮ್ಯಾಗ್ನಂ ಹಿಡಿದು ಸಾವಿರ ಗಜ ದೂರದ ವಿಂಬಲ್ಡನ್ ಕಪ್ ಗುರಿ ಸ್ಪರ್ಧೆ ಗೆದ್ದಾಗ ಅಲ್ಲಿನವರ ಕಣ್ಣು ಅದರ ಮೇಲೆ ಬಿತ್ತು. ವಿಮಾ ಮಾರಾಟಗಾರನಾಗಿದ್ದ ರಾಯ್ ವೆದರ್ಬಿ 1944ರಲ್ಲಿ ಅದೇ ಕೊಳವೆಯನ್ನು ಉಬ್ಬಿಸಿ ಇನ್ನಷ್ಟು ಮದ್ದು ಹಿಡಿಯುವಂತೆ ಮಾಡಿ .300 ವೆದರ್ಬಿ ಮ್ಯಾಗ್ನಂ ರೂಪಿಸಿದ. ವೇಗವೇ ಕೊಲ್ಲುತ್ತದೆ ಎಂಬುದು ಅವನ ಸಿದ್ಧಾಂತ, ಅದನ್ನು ಮಾರುವ ಕಲೆಯೂ ಅವನಿಗೆ ಸಿದ್ಧಿಸಿತ್ತು. ನಂತರ ವಿಂಚೆಸ್ಟರ್ ಕಂಪನಿ ಕೊಳವೆಯನ್ನು ಗಿಡ್ಡ ಮಾಡಿ, ಮಾಮೂಲು ಉದ್ದದ ಕೋವಿಗೇ ಹೊಂದುವಂತೆ 1958ರಲ್ಲಿ .338 ಮತ್ತು .264, 1963ರಲ್ಲಿ .300 ವಿಂಚೆಸ್ಟರ್ ಮ್ಯಾಗ್ನಂಗಳನ್ನು ತಂದಿತು. ನಡುವೆ 1962ರಲ್ಲಿ ರೆಮಿಂಗ್ಟನ್ ಕಂಪನಿಯ 7 ಮಿ.ಮೀ. ಮ್ಯಾಗ್ನಂ ಬಂತು. ಇವುಗಳ ಕೊಳವೆಗೆ ಆನಿಕೆ ಕೊಡಲು ಭುಜವೇ ಸಾಕಾಗಿತ್ತು. ಸೊಂಟಪಟ್ಟಿಯ ಅಗತ್ಯ ಇರಲಿಲ್ಲ. ಆದರೆ ಪಟ್ಟಿಯಿಲ್ಲದ ಮ್ಯಾಗ್ನಂ ಅನ್ನು ಗಿರಾಕಿ ಮ್ಯಾಗ್ನಂ ಎಂದು ನಂಬುವಂತಿರಲಿಲ್ಲ!

ಅಂಕಿಗಳು ಏನು ಹೇಳುತ್ತವೆ?

ಹೋಲಿಕೆಗೆ ಒಂದು ಅಳತೆಗೋಲು ಬೇಕು. 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದು, ನಂತರ ಬೇಟೆಗಾರರ ಮೆಚ್ಚಿನದಾದ .30-06 (ಥರ್ಟಿ ನಾಟ್ ಸಿಕ್ಸ್) ಮ್ಯಾಗ್ನಂ ಅಲ್ಲದ ಮಾಮೂಲು ತೋಟಾ. ಅದು ಸುಮಾರು 11.7 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹಾರಿಸುತ್ತದೆ. ನಳಿಗೆಯ ಬಾಯಲ್ಲಿ ಅದರ ಶಕ್ತಿ ಸುಮಾರು 3,900 ಜೂಲ್. ಅದೇ ತೂಕದ ಗುಂಡಿಗೆ .300 ವಿಂಚೆಸ್ಟರ್ ಮ್ಯಾಗ್ನಂ ಸುಮಾರು 900 ಮೀಟರ್ ವೇಗ ಕೊಡುತ್ತದೆ. ಶಕ್ತಿ 4,700 ಜೂಲ್. .300 ವೆದರ್ಬಿ 990 ಮೀಟರ್ ತಲುಪುತ್ತದೆ. ಶಕ್ತಿ 5,700 ಜೂಲ್. 7 ಮಿ.ಮೀ. ರೆಮಿಂಗ್ಟನ್ 10.4 ಗ್ರಾಂ ಗುಂಡನ್ನು ಸುಮಾರು 900 ಮೀಟರ್ ವೇಗದಲ್ಲಿ, .338 ವಿಂಚೆಸ್ಟರ್ 16 ಗ್ರಾಂ ಗುಂಡನ್ನು 810 ಮೀಟರ್ ವೇಗದಲ್ಲಿ ಕಳಿಸುತ್ತವೆ.

ಈ ಅಂಕಿಗಳು ದೊಡ್ಡದಾಗಿಯೇ ಕಾಣುತ್ತವೆ. ಆದರೆ ದೂರದಲ್ಲಿ ಆಗುವ ಲಾಭ ಎಷ್ಟು? ಗುಂಡು ನಳಿಗೆ ಬಿಟ್ಟ ಕ್ಷಣದಿಂದಲೇ, ಮರದಿಂದ ಕಳಚಿದ ಮಾವಿನಕಾಯಿಯಂತೆ, ನೆಲದತ್ತ ಬೀಳತೊಡಗುತ್ತದೆ. ಎಷ್ಟೇ ವೇಗದ ಗುಂಡಿಗೂ ಭೂಮಿಯ ಸೆಳೆತದಿಂದ ವಿನಾಯಿತಿ ಇಲ್ಲ. ವೇಗದ ಗುಂಡು ಬೇಗ ಗುರಿ ತಲುಪುವುದರಿಂದ ಅದಕ್ಕೆ ಬೀಳಲು ಸಿಗುವ ಸಮಯ ಕಡಿಮೆ, ಅಷ್ಟೆ. ಸುಮಾರು 180 ಮೀಟರಿಗೆ ಗುರಿ ಹೊಂದಿಸಿದ ಕೋವಿಯಿಂದ 365 ಮೀಟರ್ ದೂರಕ್ಕೆ ಹೊಡೆದರೆ .30-06ರ ಗುಂಡು ಗುರಿಯಿಂದ ಸುಮಾರು 60 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. .300 ವಿಂಚೆಸ್ಟರ್ ಮತ್ತು 7 ಮಿ.ಮೀ. ರೆಮಿಂಗ್ಟನ್ ಸುಮಾರು 50 ಸೆಂಟಿಮೀಟರ್; .300 ವೆದರ್ಬಿ ಸುಮಾರು 45. ಭಾರದ .338 ಹೆಚ್ಚುಕಡಿಮೆ .30-06ರಷ್ಟೇ ಬೀಳುತ್ತದೆ; .375 ಅಂತೂ 80 ಸೆಂಟಿಮೀಟರ್ ಮೀರಿ ಇಳಿಯುತ್ತದೆ. ಅಂದರೆ ವೇಗದ ಮ್ಯಾಗ್ನಂಗಳ ಲಾಭ ಅರ್ಧ ಗೇಣಿನ ಆಸುಪಾಸು. ಮ್ಯಾಗ್ನಂಗಳೆಲ್ಲ ದೂರಕ್ಕೆ ಹೇಳಿಸಿದವು ಎಂಬ ಮಾತೂ ತಪ್ಪೆಂದು ಇದರಿಂದ ತಿಳಿಯುತ್ತದೆ. ಕೆಲವು ವೇಗಕ್ಕೆ, ಕೆಲವು ಭಾರಕ್ಕೆ ಹುಟ್ಟಿದವು.

ಈ ಅರ್ಧ ಗೇಣಿಗೆ ತೆರುವ ಬೆಲೆಯೂ ಇದೆ. .300 ವಿಂಚೆಸ್ಟರ್ .30-06ಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಮದ್ದು ಸುಟ್ಟು ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚು ವೇಗ ಗಳಿಸುತ್ತದೆ. ಮದ್ದು ಹೆಚ್ಚಿದಂತೆ ಸಿಗುವ ಪ್ರತಿಫಲ ಕಡಿಮೆಯಾಗುತ್ತ ಹೋಗುತ್ತದೆ, ಬಿಸಿ ಅನಿಲದಿಂದ ನಳಿಗೆಯ ಸವೆತ ಹೆಚ್ಚುತ್ತದೆ. ಕೋವಿಯ ಒದೆತವೂ ಏರುತ್ತದೆ. ಒಂದೇ ತೂಕದ ಕೋವಿಯಲ್ಲಿ .300 ಮ್ಯಾಗ್ನಂನ ಒದೆತ .30-06ಕ್ಕಿಂತ ಸುಮಾರು ಮೂರರಲ್ಲೊಂದು ಪಾಲು ಹೆಚ್ಚು; .375ರದ್ದು ಇಮ್ಮಡಿಯ ಹತ್ತಿರ. ಹೆಗಲಿಗೆ ಹೀಗೆ ಪೆಟ್ಟು ತಿಂದವನು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿ, ಮೈ ಬಿಗಿ ಹಿಡಿಯುತ್ತಾನೆ. ಗುರಿ ತಪ್ಪಲು ಅಷ್ಟು ಸಾಕು.

ಇಲ್ಲಿಯೇ ನಿಜವಾದ ಲೆಕ್ಕವಿರುವುದು. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಜಾಗ ಸುಮಾರು ಒಂದು ಗೇಣಿನಗಲ; ಕಡವೆಗಿಂತ ದೊಡ್ಡದಾದ ಅಮೆರಿಕದ ಎಲ್ಕ್‌ಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಗುಡ್ಡ ಹತ್ತಿ ಏದುಸಿರು ಬಿಡುತ್ತಿರುವ ಬೇಟೆಗಾರನ ಗುಂಡುಗಳು ನೂರು ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ಹರಡಿದರೆ, ನಾನೂರು ಮೀಟರಿನಲ್ಲಿ ನಲವತ್ತು ಸೆಂಟಿಮೀಟರ್ ಹರಡುತ್ತವೆ. ಯಾವ ಮ್ಯಾಗ್ನಂ ಕೂಡ ಈ ಹರವನ್ನು ಕಡಿಮೆ ಮಾಡಲಾರದು. ಇದರ ಜೊತೆಗೆ ಗಂಟೆಗೆ ಹದಿನಾರು ಕಿಲೋಮೀಟರಿನ ಅಡ್ಡಗಾಳಿ ಅಷ್ಟು ದೂರದಲ್ಲಿ ಗುಂಡನ್ನು ಸುಮಾರು ಮೂವತ್ತು ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಗುಂಡು ಗುರಿ ತಲುಪಲು ಸುಮಾರು ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಮೇಯುತ್ತಿರುವ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟರೆ ಶ್ವಾಸಕೋಶಕ್ಕೆಂದು ಬಿಟ್ಟ ಗುಂಡು ಹೊಟ್ಟೆಗೆ ತಗಲುತ್ತದೆ.

ಇಬ್ಬರು ಬರಹಗಾರರ ಜಗಳ

ಅಮೆರಿಕದಲ್ಲಿ ಈ ವಾದಕ್ಕೆ ಇಬ್ಬರು ಬರಹಗಾರರು ಮುಖವಾಗಿದ್ದರು. ಅರಿಜೋನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಜ್ಯಾಕ್ ಒಕಾನರ್ (1902-1978) ಹಗುರ ಗುಂಡು, ಸಾಧಾರಣ ಒದೆತ, ಸರಿಯಾದ ಗುರಿ ಎಂಬ ಪಕ್ಷದವನು. 1925ರ .270 ವಿಂಚೆಸ್ಟರ್ ಅವನ ಲೇಖನಗಳಿಂದಲೇ ಮನೆಮಾತಾಯಿತು. ಐಡಾಹೊ ರಾಜ್ಯದಲ್ಲಿ ದನಗಾಹಿಯಾಗಿ, ಬೇಟೆಯ ಮಾರ್ಗದರ್ಶಿಯಾಗಿ ಬೆಳೆದ ಎಲ್ಮರ್ ಕೀತ್ (1899-1984) ಭಾರದ ದಪ್ಪ ಗುಂಡಿನ ಪಕ್ಷ. ಅವನೂ ಸಂಗಡಿಗರೂ ಮಾಡಿದ ಪ್ರಯೋಗಗಳೇ .338 ಮ್ಯಾಗ್ನಂಗೆ ದಾರಿಯಾದವು. ಗುರಿ ಸದಾ ಸರಿಯಾಗಿರುವುದಿಲ್ಲ, ಆದ್ದರಿಂದ ಕೆಟ್ಟ ಕೋನದಿಂದಲೂ ಒಳಹೊಕ್ಕು ಹೋಗಬಲ್ಲ ಗುಂಡು ಬೇಕು ಎಂಬುದು ಅವನ ವಾದ. ಪ್ರಾಣಿ ನರಳಬಾರದು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಈ ಜಗಳಕ್ಕೆ ಅರ್ಧ ಉತ್ತರ ಬಂದದ್ದು ತೋಟಾದಿಂದಲ್ಲ, ಗುಂಡಿನಿಂದ. 1946ರಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರ ಕೆನಡಾದಲ್ಲಿ .300 ಮ್ಯಾಗ್ನಂನಿಂದ ಮೂಸ್ ಎಂಬ ದೈತ್ಯ ಜಿಂಕೆಗೆ ಗುಂಡು ಹೊಡೆದ. ಪ್ರಾಣಿಯ ಮೈಮೇಲೆ ಕೆಸರು ಹೆಪ್ಪುಗಟ್ಟಿತ್ತು. ವೇಗದ ಗುಂಡುಗಳು ಮೇಲ್ಪದರದಲ್ಲೇ ಚೂರಾದವು, ಒಳಗೆ ಇಳಿಯಲಿಲ್ಲ. ಮ್ಯಾಗ್ನಂನ ವೇಗವೇ ಮ್ಯಾಗ್ನಂನ ಗುಂಡನ್ನು ಸೋಲಿಸಿತ್ತು. ಊರಿಗೆ ಮರಳಿದ ನಾಸ್ಲರ್ ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯಿಟ್ಟು, ಮುಂಭಾಗ ಅರಳಿದರೂ ಹಿಂಭಾಗ ಗಟ್ಟಿಯಾಗಿ ಉಳಿದು ಒಳನುಗ್ಗುವ ಹೊಸ ಗುಂಡನ್ನು ರೂಪಿಸಿದ.

ಅರಳುವ ಗುಂಡಿನ ವಿಷಯದಲ್ಲೂ ಭಾರತದ ಹೆಸರು ಬರುತ್ತದೆ. ಕಲ್ಕತ್ತಾ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ತಯಾರಾದ ಮೃದು ಮೂತಿಯ ಗುಂಡು ಮೈಯೊಳಗೆ ಅರಳಿ ಭೀಕರ ಗಾಯ ಮಾಡುತ್ತಿತ್ತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡುಗಳ ಬಳಕೆಯನ್ನು ನಿಷೇಧಿಸಿತು. ಬೇಟೆಯಲ್ಲಿ ಮಾತ್ರ ನಿಯಮ ತಲೆಕೆಳಗು. ಪ್ರಾಣಿ ಬೇಗ ಸಾಯಲೆಂದು ಹಲವು ಕಡೆ ಜಿಂಕೆಯಂಥ ಪ್ರಾಣಿಗಳಿಗೆ ಅರಳುವ ಗುಂಡನ್ನೇ ಬಳಸಬೇಕೆಂದು ಕಾನೂನು ಹೇಳುತ್ತದೆ.

ಸಣ್ಣ ತೋಟಾದವರ ಸಾಕ್ಷಿ

ದೊಡ್ಡ ತೋಟಾ ಅನಿವಾರ್ಯ ಎಂಬ ವಾದವನ್ನು ಅಲುಗಿಸುವ ಉದಾಹರಣೆಗಳು ಇತಿಹಾಸದಲ್ಲಿವೆ. ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಆಫ್ರಿಕದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದವನು. ಅವುಗಳಲ್ಲಿ ಬಹುಪಾಲು ಸತ್ತದ್ದು 7 ಮಿ.ಮೀ. ಮೌಸರ್ ಎಂಬ ಸಾಧಾರಣ ತೋಟಾದಿಂದ. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ ಮೆದುಳು ಎಲ್ಲಿದೆಯೆಂದು ಅವನು ಅಭ್ಯಾಸ ಮಾಡಿದ್ದ. ಹತ್ತಿರ ಹೋಗಿ ಅಲ್ಲಿಗೇ ಹೊಡೆಯುತ್ತಿದ್ದ. ಆ ಸಂಹಾರವನ್ನು ಇಂದು ಯಾರೂ ಮೆಚ್ಚಲಾರರು. ಆದರೆ ಅದರ ತಾಂತ್ರಿಕ ಪಾಠ ಸ್ಪಷ್ಟ. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದದ್ದೂ ಅದೇ ತೋಟಾದ ರಿಗ್ಬಿ ಕೋವಿ. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ ನೆಚ್ಚಿನದು .405 ವಿಂಚೆಸ್ಟರ್. ಮ್ಯಾಗ್ನಂ ಎಂಬ ಬಿರುದಿಲ್ಲದ, ದೂರಕ್ಕೆ ಹೋದಂತೆ ಬೇಗ ಇಳಿಯುವ ತೋಟಾ ಅದು. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ ಆಂಡರ್ಸನ್‌ರನ್ನು ಬಲ್ಲ ಕನ್ನಡಿಗರಿಗೆ ಅವರ ಕಾಡಿನಲ್ಲಿ ದೂರ ಎಂಬುದೇ ಇರಲಿಲ್ಲವೆಂದು ಗೊತ್ತು. ಮಚಾನಿನ ಮೇಲೆ ಕುಳಿತು, ಟಾರ್ಚಿನ ಬೆಳಕಿನಲ್ಲಿ ಕೂಗಳತೆಗಿಂತ ಹತ್ತಿರದಲ್ಲಿ ಹೊಡೆಯುವುದು ಅಲ್ಲಿನ ರೀತಿ. ದೂರದ ಮ್ಯಾಗ್ನಂ ಬೆಳೆದದ್ದು ಬಯಲು, ಕಣಿವೆಗಳ ಅಮೆರಿಕದ ರಾಕಿ ಪರ್ವತಗಳಲ್ಲಿ.

ಚಂಪಾವತ್‌ನ ಹುಲಿಯ ಕಥೆಯಲ್ಲಿ ಇನ್ನೊಂದು ಅಂಶವಿದೆ. 436 ಜನರ ಸಾವಿಗೆ ಕಾರಣವಾಯಿತೆನ್ನಲಾದ ಆ ಹೆಣ್ಣುಹುಲಿಯ ಬಾಯಿ ತೆರೆದು ನೋಡಿದಾಗ ಬಲಗಡೆಯ ಮೇಲಿನ, ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಎಂದೋ ಯಾರೋ ಹೊಡೆದ ಗುಂಡಿನ ಫಲ ಅದು ಎಂದು ಕಾರ್ಬೆಟ್ ದಾಖಲಿಸಿದರು. ಸಹಜ ಬೇಟೆಯನ್ನು ಹಿಡಿಯಲಾಗದೆ ಅದು ಮನುಷ್ಯರತ್ತ ತಿರುಗಿತು. ಆ ಗುಂಡು ಹಾರಿಸಿದವನು ಯಾರೆಂದು ತಿಳಿಯಲೇ ಇಲ್ಲ. ಅದರ ಬೆಲೆ ತೆತ್ತವರು ಹುಲ್ಲು ಸೌದೆಗೆಂದು ಕಾಡಿಗೆ ಹೋದ ಬಡವರು.

ಉಪಕರಣಕ್ಕೆ ಮಿತಿ ಯಾರು ಹಾಕಬೇಕು?

1990ರ ದಶಕದಿಂದೀಚೆಗೆ ಲೇಸರ್ ದೂರಮಾಪಕಗಳು ಬೇಟೆಗಾರರ ಜೇಬು ಸೇರಿವೆ. ಗುಂಡು ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಲು ಮೊಬೈಲ್ ಫೋನು ಸಾಕು. ದೂರವನ್ನು ಕಣ್ಣಂದಾಜಿನಿಂದ ಅಳೆಯುತ್ತಿದ್ದ ಕಾಲದಲ್ಲಿ ಮ್ಯಾಗ್ನಂ ಉಳಿಸಿಕೊಡುತ್ತಿದ್ದ ಅರ್ಧ ಗೇಣಿಗೆ ಬೆಲೆಯಿತ್ತು. ಈಗ ಅದು ಬಹುಮಟ್ಟಿಗೆ ಕಡಿಮೆಯಾಗಿದೆ. ಆದ್ದರಿಂದಲೇ 2007ರಲ್ಲಿ ಬಂದ 6.5 ಕ್ರೀಡ್‌ಮೋರ್‌ನಂಥ ಮ್ಯಾಗ್ನಂ ಅಲ್ಲದ ತೋಟಾಗಳು ಜನಪ್ರಿಯವಾದವು. ಉದ್ದನೆಯ, ಗಾಳಿಯನ್ನು ಸೀಳಿಕೊಂಡು ಹೋಗುವ ಗುಂಡು, ಕಡಿಮೆ ಒದೆತ ಇವುಗಳ ಗುಣ. ಉಳಿದದ್ದು ಗಾಳಿ, ಪ್ರಾಣಿಯ ಹೆಜ್ಜೆ ಮತ್ತು ಮನುಷ್ಯನ ಕೈ. ಇವನ್ನು ಯಾವ ಯಂತ್ರವೂ ಪೂರ್ತಿ ಗೆದ್ದಿಲ್ಲ.

ಹೀಗಿರುವಾಗ ಸಾವಿರ ಮೀಟರ್ ದೂರದಿಂದ ಪ್ರಾಣಿಗೆ ಹೊಡೆಯುವುದು ಬೇಟೆಯೇ, ಗುರಿ ಅಭ್ಯಾಸವೇ ಎಂಬ ವಾದ ಅಮೆರಿಕದ ಬೇಟೆಗಾರರ ನಡುವೆಯೇ ಎದ್ದಿದೆ. ಥಿಯೋಡರ್ ರೂಸ್‌ವೆಲ್ಟ್ ಮತ್ತಿತರರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್, ತಪ್ಪಿಸಿಕೊಳ್ಳಲು ಪ್ರಾಣಿಗೆ ನ್ಯಾಯವಾದ ಅವಕಾಶವಿರಬೇಕೆಂಬ ನಿಯಮಕ್ಕೆ ಹೆಸರಾದದ್ದು. ಉಪಕರಣದ ಸಾಮರ್ಥ್ಯವನ್ನು ಪ್ರಾಣಿಯ ಮೇಲೆ ಪರೀಕ್ಷಿಸುವುದು ಬೇಟೆಯಲ್ಲ ಎಂಬುದು ಅದರ ನಿಲುವು. ಐಡಾಹೊ ರಾಜ್ಯ ದೊಡ್ಡ ಪ್ರಾಣಿಗಳ ಬೇಟೆಗೆ ಹದಿನಾರು ಪೌಂಡಿಗಿಂತ, ಅಂದರೆ ಸುಮಾರು ಏಳೂಕಾಲು ಕಿಲೋಗ್ರಾಂಗಿಂತ, ಭಾರದ ಕೋವಿಯನ್ನು ನಿಷೇಧಿಸಿದೆ. ಹೊತ್ತು ನಡೆಯಲಾಗದ ಕೋವಿ ಹಿಡಿದವನು ಪ್ರಾಣಿಯ ಬಳಿಗೆ ನಡೆದು ಹೋಗುವವನಲ್ಲ ಎಂಬ ತಿಳಿವಳಿಕೆ ಅದರಲ್ಲಿದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ವಾದವನ್ನೇ ಮುಗಿಸಿತು. ಮೈಸೂರು ಅರಸರ ಬೇಟೆಯ ನೆಲವಾಗಿದ್ದ ಬಂಡೀಪುರ ಮರುವರ್ಷವೇ ಹುಲಿ ಯೋಜನೆಯ ಮೊದಲ ತಾಣಗಳಲ್ಲಿ ಒಂದಾಯಿತು. ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಹೊಸ ಮ್ಯಾಗ್ನಂಗಳು ಈಗಲೂ ಬರುತ್ತಲೇ ಇವೆ. 2022ರಲ್ಲೂ ಒಂದು 7 ಮಿ.ಮೀ. ತೋಟಾ ಮಾರುಕಟ್ಟೆಗೆ ಬಂತು. ನೂರು ವರ್ಷಗಳ ಅಂಕಿಗಳನ್ನು ಕೂಡಿ ಕಳೆದಾಗ ಉಳಿಯುವ ಉತ್ತರ ಮಾತ್ರ ಸರಳ. ಮ್ಯಾಗ್ನಂ ಗುಂಡಿನ ವೇಗವನ್ನು ಹತ್ತಿಪ್ಪತ್ತು ಶೇಕಡ ಹೆಚ್ಚಿಸಿತು; ನಾನು ಇನ್ನೂ ದೂರದಿಂದ ಹೊಡೆಯಬಲ್ಲೆ ಎಂಬ ಧೈರ್ಯವನ್ನು ಅದಕ್ಕಿಂತ ಬಹಳ ಹೆಚ್ಚಿಸಿತು. ಗುಂಡು ತಪ್ಪಿ ತಗಲುವುದು ಈ ಎರಡರ ನಡುವಿನ ಅಂತರದಲ್ಲಿ. ಆ ಅಂತರವನ್ನು ಕಡಿಮೆ ಮಾಡಲು ಬೇಕಾದದ್ದು ಹೆಚ್ಚು ಮದ್ದಲ್ಲ. ಪ್ರಾಣಿಯತ್ತ ಇನ್ನೂ ನೂರು ಹೆಜ್ಜೆ ನಡೆಯುವ ತಾಳ್ಮೆ, ಅದಾಗದಿದ್ದರೆ ಹೊಡೆಯದೆ ಹಿಂದಿರುಗುವ ಸಂಯಮ.